1970ರ ಶೆವೆಲ್‌ನಲ್ಲಿ ಜೆನ್ 6 ಬಿಗ್ ಬ್ಲಾಕ್: ಹಳೆಯ ಆಯಿಲ್ ಪ್ಯಾನ್ ಕೂರುತ್ತಿಲ್ಲ, ಯಾವುದನ್ನು ಆರಿಸಬೇಕು?

ಪ್ರಶ್ನೆ — ಮಿಷಿಗನ್ ಶೆವೆಲ್

ಎಲ್ಲರಿಗೂ ನಮಸ್ಕಾರ. ನಾನು ಡೆಟ್ರಾಯಿಟ್ ನಗರದ ಉತ್ತರದ ಉಪನಗರವೊಂದರಲ್ಲಿ ವಾಸವಾಗಿದ್ದೇನೆ. ನನ್ನ ಬಳಿ 1970ರ ಶೆವರ್ಲೆ ಶೆವೆಲ್ ಎಸ್‌ಎಸ್ 396 ಇದೆ. ಹೆಸರಿನಲ್ಲಿ 396 ಎಂದಿದ್ದರೂ ಈ ಕಾರಿನ ಮೂಲ ಇಂಜಿನ್ನಿನ ಗಾತ್ರ 402 ಘನ ಇಂಚು. ಆ ವರ್ಷದ ಬಹುಪಾಲು ಕಾರುಗಳದ್ದೂ ಇದೇ ಕಥೆ. ಅದರ ಬ್ಲಾಕ್‌ನಲ್ಲಿ ಒಂದು ಸಿಲಿಂಡರಿನ ಗೋಡೆ ಬಿರುಕು ಬಿಟ್ಟಿರುವುದರಿಂದ, ಅದನ್ನು ಜೋಪಾನವಾಗಿ ತೆಗೆದಿಟ್ಟು, 1998ರ ಪಿಕಪ್ ಟ್ರಕ್ಕೊಂದರ 454 ಇಂಜಿನ್ನನ್ನು (ಶೆವರ್ಲೆಯ ದೊಡ್ಡ ವಿ8 ಆದ 'ಬಿಗ್ ಬ್ಲಾಕ್'ನ ಆರನೆಯ ಪೀಳಿಗೆ, ಅಂದರೆ ಜೆನ್ 6) ಕೊಂಡುಕೊಂಡು, ಇಲ್ಲಿನ ಮಷಿನ್ ಶಾಪ್ ಒಂದರಲ್ಲಿ ಬೋರ್ ಮಾಡಿಸಿ, 4.25 ಇಂಚು ಸ್ಟ್ರೋಕ್‌ನ (ಪಿಸ್ಟನ್ ಚಲಿಸುವ ದೂರ) ಹೊಸ ಕ್ರ್ಯಾಂಕ್‌ಶಾಫ್ಟ್ ಹಾಕಿಸಿದ್ದೇನೆ. ಬೋರ್ (ಸಿಲಿಂಡರಿನ ವ್ಯಾಸ) ಈಗ 4.310 ಇಂಚು, ಒಟ್ಟು ಗಾತ್ರ 496 ಘನ ಇಂಚು.

ಇಂಜಿನ್ ನನ್ನ ಕೈಗೆ ಬಂದಾಗ ಅದರಲ್ಲಿ ಆಯಿಲ್ ಪ್ಯಾನ್, ಅಂದರೆ ಇಂಜಿನ್ನಿನ ತಳದಲ್ಲಿ ಎಣ್ಣೆ ಹಿಡಿಯುವ ತಗಡಿನ ತೊಟ್ಟಿ, ಇರಲಿಲ್ಲ. 402ರ ಮೂಲ ಪ್ಯಾನ್ ಒಳ್ಳೆಯ ಸ್ಥಿತಿಯಲ್ಲಿದೆ. ಅದನ್ನು ಕೆರೆದು ಶುಚಿ ಮಾಡಿ, ಸ್ಟ್ಯಾಂಡ್ ಮೇಲೆ ತಲೆಕೆಳಗಾಗಿ ಕೂರಿಸಿದ ಇಂಜಿನ್ ಮೇಲೆ ಇಟ್ಟು ನೋಡಿದೆ. ಪಕ್ಕದ ಅಂಚುಗಳು ಹೆಚ್ಚು ಕಡಿಮೆ ಹೊಂದಿಕೊಂಡಂತೆ ಕಂಡರೂ, ಗೇರ್‌ಬಾಕ್ಸಿನ ಕಡೆಗಿರುವ ಕಮಾನಿನ ಭಾಗ ಹಿಂದಿನ ಮೇನ್ ಕ್ಯಾಪ್ (ಕ್ರ್ಯಾಂಕ್‌ಶಾಫ್ಟನ್ನು ಬ್ಲಾಕಿಗೆ ಹಿಡಿದಿಡುವ ಮುಚ್ಚಳ) ಮೇಲೆ ಸರಿಯಾಗಿ ಕೂರುತ್ತಿಲ್ಲ. ಬಿಡಿಭಾಗ ಮಾರುವವರೊಬ್ಬರು ದಪ್ಪನೆಯ ಸಿಲಿಕೋನ್ ತುಂಬಿಸಿ ಬಿಗಿದರೆ ಸಾಕು ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ.

ನನ್ನ ಪ್ರಶ್ನೆಗಳು ಇವು. ಹಳೆಯ ಪ್ಯಾನ್ ಈ ಬ್ಲಾಕಿಗೆ ಯಾವ ರೀತಿಯಲ್ಲಾದರೂ ಹೊಂದುತ್ತದೆಯೇ? ಹೊಂದದಿದ್ದರೆ, ಹೊಸದನ್ನು ಕೊಳ್ಳುವಾಗ ಇಂಜಿನ್ನಿನ ವರ್ಷವನ್ನು ಹೇಳಬೇಕೇ, ಕಾರಿನ ವರ್ಷವನ್ನು ಹೇಳಬೇಕೇ? ಸ್ಟ್ರೋಕ್ ಹೆಚ್ಚಿಸಿರುವುದರಿಂದ ಬೇರೆ ಏನನ್ನಾದರೂ ನೋಡಿಕೊಳ್ಳಬೇಕೇ? ಆಗಸ್ಟಿನಲ್ಲಿ ವುಡ್‌ವರ್ಡ್ ಅವೆನ್ಯೂ ಮೇಲೆ ನಡೆಯುವ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಗೆ ಕಾರನ್ನು ಒಯ್ಯುವ ಆಸೆ ಇದೆ, ಆದರೆ ಅವಸರದಲ್ಲಿ ಕೆಲಸ ಕೆಡಿಸುವ ಮನಸ್ಸಿಲ್ಲ.

ಉತ್ತರ — ಬ್ಲಾಕ್ ಮತ್ತು ಬೋರ್

ಸಿಲಿಕೋನ್ ಸಲಹೆಯನ್ನು ನೀವು ಒಪ್ಪದಿದ್ದುದು ಸರಿಯಾದ ನಿರ್ಧಾರ. ಮೊದಲು ಕಾರಣ ಹೇಳುತ್ತೇನೆ.

ಆಯಿಲ್ ಪ್ಯಾನ್ ಒಂದೇ ತಗಡಿನ ವಸ್ತುವಾದರೂ ಅದು ಇಬ್ಬರು ಯಜಮಾನರ ಮಾತು ಕೇಳಬೇಕು. ಮೇಲಂಚು ಬ್ಲಾಕಿಗೆ ಒಪ್ಪಬೇಕು, ತಳದ ಆಕಾರ ಷಾಸಿಗೆ ಒಪ್ಪಬೇಕು. ನಿಮ್ಮ 402 ಇಂಜಿನ್ ಮಾರ್ಕ್ 4 ಪೀಳಿಗೆಯದು; 1965ರಿಂದ 1990ರವರೆಗಿನ ಈ ಪೀಳಿಗೆಯಲ್ಲಿ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್ ಎರಡು ಅರ್ಧಚಂದ್ರಗಳಾಗಿ, ಒಂದು ಬ್ಲಾಕಿನಲ್ಲಿ ಮತ್ತೊಂದು ಹಿಂದಿನ ಮೇನ್ ಕ್ಯಾಪ್‌ನಲ್ಲಿ ಕೂರುತ್ತದೆ. 1991ರಲ್ಲಿ ಬಂದ ಜೆನ್ 5 ಮತ್ತು 1996ರಲ್ಲಿ ಬಂದ ಜೆನ್ 6 ಬ್ಲಾಕ್‌ಗಳಲ್ಲಿ ಆ ಸೀಲ್ ಒಂದೇ ಪೂರ್ಣ ಬಳೆಯಾಗಿದೆ. ಅದಕ್ಕೆ ಜಾಗ ಮಾಡಿಕೊಡಲು ಬ್ಲಾಕಿನ ಹಿಂಭಾಗವನ್ನೂ ಮೇನ್ ಕ್ಯಾಪನ್ನೂ ಬೇರೆ ಆಕಾರದಲ್ಲಿ ಎರಕ ಹೊಯ್ದರು, ಅದರೊಂದಿಗೆ ಪ್ಯಾನಿನ ಹಿಂಗಮಾನೂ ಗ್ಯಾಸ್ಕೆಟ್ಟೂ ಬದಲಾದವು. ನೀವು ಕಂಡ ಸಂದು ತಗಡು ಬಾಗಿದ್ದರಿಂದ ಆದದ್ದಲ್ಲ. ಎಷ್ಟು ತಟ್ಟಿದರೂ ಅದು ಮುಚ್ಚುವುದಿಲ್ಲ.

ಆ ಸಂದಿನಲ್ಲಿ ತುಂಬಿದ ಸಿಲಿಕೋನಿಗೆ ಹಿಂದೆ ಆಸರೆಯಾಗಿ ಲೋಹವಿರುವುದಿಲ್ಲ. ಬಿಸಿ ಎಣ್ಣೆ ಒಂದು ಕಡೆಯಿಂದ, ಕ್ರ್ಯಾಂಕ್‌ಕೇಸಿನ ಒತ್ತಡ ಇನ್ನೊಂದು ಕಡೆಯಿಂದ ಅದನ್ನು ಸಡಿಲಿಸುತ್ತವೆ. ಸೋರಿದ ಎಣ್ಣೆ ಗಾಳಿಯ ರಭಸಕ್ಕೆ ಹಿಂದಕ್ಕೆ ಹರಡಿ ಬಿಸಿಯಾದ ಎಕ್ಸಾಸ್ಟ್ ಪೈಪಿನ ಮೇಲೆ ಬೀಳಬಹುದು. ಅಲ್ಲಿಂದ ಹೊಗೆ ಮಾತ್ರವಲ್ಲ, ಬೆಂಕಿಯೂ ಏಳಬಹುದು. ಕಿತ್ತುಬಂದ ಸಿಲಿಕೋನ್ ತುಣುಕು ಪ್ಯಾನಿನೊಳಗೆ ಬಿದ್ದರೆ ಪಿಕಪ್ಪಿನ (ಪ್ಯಾನಿನಿಂದ ಪಂಪಿಗೆ ಎಣ್ಣೆ ಹೀರುವ ಕೊಳವೆಯ) ಜಾಲರಿಯಲ್ಲಿ ಸಿಕ್ಕಿಕೊಂಡು ಎಣ್ಣೆಯ ದಾರಿಯನ್ನೇ ಕಟ್ಟುತ್ತದೆ.

ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಎರಡನ್ನೂ ಹೇಳಬೇಕು. "ಜೆನ್ 6, ಒಂದೇ ತುಂಡಿನ ಹಿಂದಿನ ಸೀಲ್" ಎಂಬುದು ಮೊದಲ ಮಾತು, "1964ರಿಂದ 1972ರವರೆಗಿನ ಶೆವೆಲ್ ಷಾಸಿ" ಎಂಬುದು ಎರಡನೆಯದು. ಮೊರೊಸೊ, ಮಿಲೊಡನ್, ಕ್ಯಾಂಟನ್ ಮುಂತಾದ ತಯಾರಕರ ಪಟ್ಟಿಗಳಲ್ಲಿ ಹುಡುಕುವಾಗಲೂ ಈ ಎರಡು ಮಾತು ಒಟ್ಟಿಗೆ ಇರುವುದನ್ನೇ ನೋಡಿ. ಕೇವಲ "ಬಿಗ್ ಬ್ಲಾಕ್ ಶೆವರ್ಲೆ ಪ್ಯಾನ್" ಎಂದು ಕೇಳಿದರೆ ನಿಮಗೆ ಮಾರ್ಕ್ 4ರದ್ದೇ ಬರುವ ಸಂಭವ ಹೆಚ್ಚು. "496ರ ಪ್ಯಾನ್" ಎಂದು ಕೇಳಿದರೆ ಇನ್ನೊಂದು ತೊಡಕು. ಕಂಪನಿಯೇ ಟ್ರಕ್ಕುಗಳಿಗಾಗಿ ತಯಾರಿಸಿದ ವೋರ್ಟೆಕ್ 8100 ಇಂಜಿನ್ನಿನ ಗಾತ್ರವೂ 496 ಘನ ಇಂಚೇ. ಅದರ ಬೋರ್ 4.25, ಸ್ಟ್ರೋಕ್ 4.37 ಇಂಚು. ಅದು ಬೇರೆಯೇ ಇಂಜಿನ್, ಅದರ ಪ್ಯಾನ್ ನಿಮಗೆ ಉಪಯೋಗಕ್ಕೆ ಬಾರದು.

ಈಗ ಷಾಸಿಯ ವಿಷಯ. ನಿಮ್ಮ ಕಾರಿನಲ್ಲಿ ಮುಂದಿನ ಕ್ರಾಸ್‌ಮೆಂಬರ್ (ಷಾಸಿಯ ಅಡ್ಡ ತೊಲೆ) ಇಂಜಿನ್ನಿನ ಮುಂಭಾಗದ ಕೆಳಗೆ ಅಡ್ಡಲಾಗಿ ಹಾದುಹೋಗುತ್ತದೆ. ಅದರ ಹಿಂದೆಯೇ ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಅಡ್ಡ ಸರಳು, ಸ್ಟಿಯರಿಂಗಿನ ಸೆಂಟರ್ ಲಿಂಕ್ ಇದೆ. ಹೀಗಾಗಿ ಪ್ಯಾನಿನ ಮುಂಭಾಗ ಆಳವಿಲ್ಲದೆ ತೆಳ್ಳಗಿರಬೇಕು, ಎಣ್ಣೆ ನಿಲ್ಲುವ ಸಂಪ್ ಹಿಂದಕ್ಕೆ ಸರಿದಿರಬೇಕು. ಇಲ್ಲಿ ಬಹಳ ಜನ ಚಕ್ರವನ್ನು ನೇರವಾಗಿಟ್ಟು ಅಂತರ ನೋಡಿ ತೃಪ್ತರಾಗುತ್ತಾರೆ. ಆ ಲಿಂಕಿನ ಎರಡು ತುದಿಗಳನ್ನು ಹಿಡಿದಿರುವ ಪಿಟ್‌ಮನ್ ತೋಳು ಮತ್ತು ಐಡ್ಲರ್ ತೋಳು ಎರಡೂ ವೃತ್ತಾಕಾರವಾಗಿ ತಿರುಗುವುದರಿಂದ ಸೆಂಟರ್ ಲಿಂಕ್ ಎಡಬಲಕ್ಕೆ ಮಾತ್ರ ಸರಿಯುವುದಿಲ್ಲ, ಹಿಂದು ಮುಂದಾಗಿಯೂ ಚಲಿಸುತ್ತದೆ. ಆದ್ದರಿಂದ ಸ್ಟಿಯರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸುತ್ತಾ ಸಂಪಿನ ಮುಂಗೋಡೆಗೂ ಲಿಂಕಿಗೂ ನಡುವಿನ ಅಂತರವನ್ನು ಒಬ್ಬರು ಕೆಳಗಿನಿಂದ ನೋಡುತ್ತಿರಬೇಕು. 1970ರ ನಂತರದ ಕ್ಯಾಮರೋದಲ್ಲಿ ಸ್ಟಿಯರಿಂಗ್ ಲಿಂಕುಗಳು ಚಕ್ರದ ಅಕ್ಷಕ್ಕಿಂತ ಮುಂದೆ ಬಂದಿವೆ. ಆ ಕಾರಿನವರು "ನನಗೆ ಸರಿಹೋಯಿತು" ಎಂದರೆ ಅದು ನಿಮಗೆ ಪ್ರಮಾಣವಾಗುವುದಿಲ್ಲ.

ಆಳದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ರಸ್ತೆಯಲ್ಲಿ ಓಡುವ ಕಾರಿನಲ್ಲಿ ಸಂಪಿನ ತಳ ಕ್ರಾಸ್‌ಮೆಂಬರಿಗಿಂತ ಕೆಳಗೆ ಇಳಿಯಬಾರದು. ಡ್ರ್ಯಾಗ್ ಪಂದ್ಯದ ಆಳವಾದ ಪ್ಯಾನ್ ನೋಡಲು ಚೆಂದ, ಆದರೆ ಮಿಷಿಗನ್ನಿನ ಚಳಿಗಾಲದ ನಂತರದ ಗುಂಡಿಗಳಲ್ಲಿ ಮೊದಲು ನೆಲಕ್ಕೆ ತಾಗುವುದು ಅದೇ. ಎಣ್ಣೆ ಹೆಚ್ಚು ಬೇಕಿದ್ದರೆ ಆಳವನ್ನಲ್ಲ, ಅಗಲವನ್ನು ಹೆಚ್ಚಿಸಿದ ಪ್ಯಾನ್ ನೋಡಿ. ಹಾಗೆ ಅಗಲವಾದ ಭಾಗ ಹೆಡರ್ (ಎಕ್ಸಾಸ್ಟ್) ಪೈಪುಗಳಿಗೂ ಸ್ಟಾರ್ಟರಿಗೂ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಚಿಕ್ಕ ಗಾತ್ರದ ಸ್ಟಾರ್ಟರ್ ಹಾಕಿದರೆ ಅಲ್ಲಿ ಸಾಕಷ್ಟು ಜಾಗ ಸಿಗುತ್ತದೆ.

ಒಳಗಿನ ತಡೆತಗಡುಗಳನ್ನೂ ಗಮನಿಸಿ. ಸಂಪ್ ಹಿಂದಿರುವ ಕಾರಿನಲ್ಲಿ ವೇಗ ಹೆಚ್ಚಿಸಿದಾಗ ಎಣ್ಣೆ ಹಿಂದಕ್ಕೆ, ಅಂದರೆ ಪಿಕಪ್ಪಿನ ಕಡೆಗೇ ಸರಿಯುತ್ತದೆ. ಅಪಾಯವಿರುವುದು ಬ್ರೇಕ್ ಒತ್ತಿದಾಗ. ಅರ್ಧ ಜಿ (ಗುರುತ್ವದ ಅರ್ಧದಷ್ಟು) ಬಲದ ಬ್ರೇಕಿನಲ್ಲಿ ಎಣ್ಣೆಯ ಮೇಲ್ಮೈ ಸುಮಾರು 27 ಡಿಗ್ರಿ ಓರೆಯಾಗುತ್ತದೆ, ಒಂದು ಜಿ ಆದರೆ 45 ಡಿಗ್ರಿ. ಆಗ ಎಣ್ಣೆ ಮುಂದಿನ ತೆಳುಭಾಗಕ್ಕೆ ನುಗ್ಗಿ ಪಿಕಪ್ ಗಾಳಿ ಹೀರಬಹುದು. ಆದ್ದರಿಂದ ಸಂಪಿನ ಮುಂಗೋಡೆಯ ಬಳಿ ಅಡ್ಡ ತಡೆಯೂ, ಎಣ್ಣೆಯನ್ನು ಹಿಂದಕ್ಕೆ ಮಾತ್ರ ಬಿಡುವ ಕದವೂ ಇರುವ ಪ್ಯಾನಿಗೆ ಸ್ವಲ್ಪ ಹೆಚ್ಚು ಹಣ ಕೊಡುವುದು ಸಾರ್ಥಕ.

ಟೈಮಿಂಗ್ ಕವರನ್ನು, ಅಂದರೆ ಇಂಜಿನ್ನಿನ ಮುಂಭಾಗದ ಟೈಮಿಂಗ್ ಚೈನನ್ನು ಮುಚ್ಚುವ ಕವಚವನ್ನು, ಮರೆಯಬೇಡಿ. ಪ್ಯಾನಿನ ಮುಂಗಮಾನು ಕೂರುವುದು ಅದರ ಮೇಲೆಯೇ. ಜೆನ್ 6 ಬ್ಲಾಕಿಗೆ ಜೆನ್ 6ರದ್ದೇ ಕವರ್ ಇರಲಿ, 402ರ ಕ್ರೋಮ್ ಕವರನ್ನು ತಂದು ಹಾಕಬೇಡಿ.

ಉತ್ತರ — ಕ್ಲಿಯರೆನ್ಸ್

ಮೇಲಿನವರು ಹೊರಗಿನ ಅಂತರಗಳನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಒಳಗಿನದನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಕ್ರ್ಯಾಂಕ್ ಮೂಲದ್ದಲ್ಲ.

454ರ ಮೂಲ ಸ್ಟ್ರೋಕ್ 4.00 ಇಂಚು. ನಿಮ್ಮದು 4.25. ವ್ಯತ್ಯಾಸದ ಅರ್ಧದಷ್ಟು, ಅಂದರೆ 0.125 ಇಂಚು ಅಥವಾ ಸುಮಾರು 3.2 ಮಿ.ಮೀ. ದೂರಕ್ಕೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಪ್ರತಿ ಕನೆಕ್ಟಿಂಗ್ ರಾಡಿನ ದೊಡ್ಡ ತುದಿ ಹೊರಗೆ ಬರುತ್ತದೆ. ಮೊದಲು ತಾಗುವುದು ಸಾಮಾನ್ಯವಾಗಿ ರಾಡ್ ಬೋಲ್ಟಿನ ತಲೆ. ತಾಗುವ ಜಾಗಗಳು ಬ್ಲಾಕಿನ ಪ್ಯಾನ್ ರೈಲಿನ (ಪ್ಯಾನ್ ಕೂರುವ ಅಂಚುಪಟ್ಟಿಯ) ಒಳ ಅಂಚು, ಪ್ಯಾನಿನ ಪಕ್ಕದ ಗೋಡೆ, ವಿಂಡೇಜ್ ಟ್ರೇ (ತಿರುಗುವ ಕ್ರ್ಯಾಂಕಿನಿಂದ ಎಣ್ಣೆಯನ್ನು ಬೇರ್ಪಡಿಸುವ ತಗಡು), ಆಯಿಲ್ ಪಂಪಿನ ಮೈ ಮತ್ತು ಪಿಕಪ್ಪಿನ ಕೊಳವೆ. ಮಷಿನ್ ಶಾಪಿನವರು ಬ್ಲಾಕನ್ನು ಉಜ್ಜಿ ಜಾಗ ಮಾಡಿರುತ್ತಾರೆ, ಆದರೆ ನೀವು ಕೊಳ್ಳಲಿರುವ ಪ್ಯಾನ್ ಅವರ ಮುಂದೆ ಇರಲಿಲ್ಲ. ಆದ್ದರಿಂದ ಆ ಪರೀಕ್ಷೆ ನಿಮ್ಮದೇ.

ಮಕ್ಕಳು ಆಟಕ್ಕೆ ಬಳಸುವ ಮಾಡೆಲಿಂಗ್ ಕ್ಲೇ ತಂದು, ಬೆರಳಿನ ದಪ್ಪದ ಪಟ್ಟಿಗಳಾಗಿ ಹೊಸೆದು, ಪ್ಯಾನಿನ ಒಳಗೋಡೆಗೆ ರಾಡುಗಳು ಹಾಯುವ ಜಾಗದಲ್ಲೆಲ್ಲ ಅಂಟಿಸಿ. ಅದರ ಮೇಲೆ ತೆಳುವಾಗಿ ಎಣ್ಣೆ ಸವರಿ. ನಿಜವಾದ ಗ್ಯಾಸ್ಕೆಟ್ ಇಟ್ಟು, ನಾಲ್ಕಾರು ಬೋಲ್ಟುಗಳಿಂದ ಪ್ಯಾನನ್ನು ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ. ಬಿಚ್ಚಿದಾಗ ಕ್ಲೇ ಮೇಲೆ ಬೋಲ್ಟ್ ತಲೆಗಳ ಗುರುತು ಮೂಡಿರುತ್ತದೆ. ಅತಿ ತೆಳುವಾಗಿ ಉಳಿದ ಜಾಗದಲ್ಲಿ ಬ್ಲೇಡಿನಿಂದ ಕತ್ತರಿಸಿ ಅಳೆಯಿರಿ. 0.060 ಇಂಚು, ಅಂದರೆ 1.5 ಮಿ.ಮೀ.ಗಿಂತ ಕಡಿಮೆ ಎಲ್ಲಿಯೂ ಇರಬಾರದು.

ಇನ್ನು ಪಿಕಪ್. ಪ್ಯಾನ್ ಬದಲಾದರೆ ಪಿಕಪ್ ಬದಲಾಗಲೇಬೇಕು ಎಂದೇ ಭಾವಿಸಿ ಕೆಲಸ ಆರಂಭಿಸಿ. ಜಾಲರಿಯ ಕೆಳಮುಖಕ್ಕೂ ಪ್ಯಾನಿನ ತಳಕ್ಕೂ ನಡುವೆ ಕಾಲು ಇಂಚಿನಿಂದ ಮೂರೆಂಟಾಂಶ ಇಂಚಿನವರೆಗೆ, ಅಂದರೆ ಸುಮಾರು 6ರಿಂದ 9.5 ಮಿ.ಮೀ. ಅಂತರವಿರಬೇಕು. ಕಡಿಮೆಯಾದರೆ ಎಣ್ಣೆ ಒಳಗೆ ಸೇರಲು ದಾರಿ ಸಾಲದು, ಹೆಚ್ಚಾದರೆ ಎಣ್ಣೆ ಅಲುಗಿದಾಗ ಜಾಲರಿ ಬೇಗ ಬರಿದಾಗುತ್ತದೆ. ಅಳೆಯುವ ಕ್ರಮ ಸರಳವಾಗಿದೆ. ಬ್ಲಾಕಿನ ಪ್ಯಾನ್ ರೈಲಿನಿಂದ ಜಾಲರಿಯ ಕೆಳಮುಖದವರೆಗಿನ ದೂರ ಒಂದು ಅಳತೆ. ಪ್ಯಾನಿನ ಅಂಚಿನಿಂದ ತಳದ ಒಳಮೈವರೆಗಿನ ಆಳ ಮತ್ತು ಬಿಗಿದ ಗ್ಯಾಸ್ಕೆಟ್ಟಿನ ದಪ್ಪ ಸೇರಿ ಇನ್ನೊಂದು ಅಳತೆ. ಉದಾಹರಣೆಗೆ ಪ್ಯಾನಿನ ಆಳ 7.50 ಇಂಚು, ಗ್ಯಾಸ್ಕೆಟ್ 0.10, ಪಿಕಪ್ 7.28 ಎಂದಿಟ್ಟುಕೊಂಡರೆ ಅಂತರ 0.32 ಇಂಚು ಉಳಿಯುತ್ತದೆ, ಅದು ಸರಿಯಾದ ಅಳತೆ. ಲೆಕ್ಕ ಮಾಡಿದ ಮೇಲೂ ಜಾಲರಿಯ ಕೆಳಗೆ ಒಂದು ಉಂಡೆ ಕ್ಲೇ ಇಟ್ಟು ಖಚಿತಪಡಿಸಿಕೊಳ್ಳಿ.

ಪಂಪನ್ನು ಇನ್ನೂ ಕೊಂಡಿಲ್ಲವಾದರೆ ಒಂದು ಮಾತು. ಹೆಚ್ಚು ಪ್ರಮಾಣದ ಪಂಪಿನ ಗೇರುಗಳು ಉದ್ದವಾಗಿರುವುದರಿಂದ ಅದರ ಮೈಯೂ ಉದ್ದ. ಆಗ ಅದೇ ಪಿಕಪ್ ತಳಕ್ಕೆ ಇನ್ನಷ್ಟು ಹತ್ತಿರ ಬರುತ್ತದೆ. ಬೇರಿಂಗ್ ಅಂತರಗಳು ಸರಿಯಾಗಿರುವ ರಸ್ತೆಯ ಇಂಜಿನ್ನಿಗೆ ಸಾಮಾನ್ಯ ಪ್ರಮಾಣದ ಪಂಪೇ ಸಾಕು ಎಂಬುದು ನನ್ನ ನಿಲುವು. ಪಿಕಪ್ಪಿನ ಕೊಳವೆಯನ್ನು ಪಂಪಿನೊಳಗೆ ಒತ್ತಿ ಕೂರಿಸುವ ಬಗೆಯದಾದರೆ ಅದನ್ನು ಹಾಗೆಯೇ ಬಿಡಬೇಡಿ. ಕಂಪನಕ್ಕೆ ಅದು ಜಾರಿ ಬಿದ್ದರೆ ಇಂಜಿನ್ನಿಗೆ ಎಣ್ಣೆಯೇ ಇಲ್ಲ. ಕೋನವನ್ನು ಪ್ಯಾನಿನೊಂದಿಗೆ ಹೊಂದಿಸಿ, ಗುರುತು ಹಾಕಿ, ಪಂಪನ್ನು ಬಿಚ್ಚಿ ಗೇರುಗಳನ್ನೂ ಒತ್ತಡ ನಿಯಂತ್ರಿಸುವ ಸ್ಪ್ರಿಂಗನ್ನೂ ಹೊರತೆಗೆದು, ಆಮೇಲೆ ಬ್ರೇಜ್ (ಹಿತ್ತಾಳೆ ಬೆಸುಗೆ) ಮಾಡಿಸಿ. ಸ್ಪ್ರಿಂಗ್ ಒಳಗಿರುವಾಗಲೇ ಕಾಯಿಸಿದರೆ ಅದರ ಬಿಗಿ ಹೋಗುತ್ತದೆ.

ಉತ್ತರ — ವಿಂಡ್ಸರ್ ಮೋಪಾರ್

ನದಿಯ ಆಚೆ ದಡದಿಂದ, ಒಂಟಾರಿಯೊದ ವಿಂಡ್ಸರಿನಿಂದ ಬರೆಯುತ್ತಿದ್ದೇನೆ. ನನ್ನದು ಕ್ರೈಸ್ಲರ್ ಕಂಪನಿಯ, 383 ಇಂಜಿನ್ನಿನ ಪ್ಲಿಮತ್ ರೋಡ್ ರನ್ನರ್ ಕಾರು. ಇಲ್ಲಿ ಹೇಳಿದ ತತ್ತ್ವ ಎಲ್ಲ ಬಿಗ್ ಬ್ಲಾಕುಗಳಿಗೂ ಹೊಂದುತ್ತದೆ, ಆದರೆ ಅಳತೆಗಳನ್ನೂ ಕ್ರಮವನ್ನೂ ಒಂದು ಕಂಪನಿಯಿಂದ ಇನ್ನೊಂದಕ್ಕೆ ಒಯ್ಯಬಾರದೆಂದು ಓದುಗರ ಗಮನಕ್ಕೆ ತರುತ್ತಿದ್ದೇನೆ. ಕ್ರೈಸ್ಲರಿನ 383 ಮತ್ತು 440ರಲ್ಲಿ ಆಯಿಲ್ ಪಂಪ್ ಬ್ಲಾಕಿನ ಹೊರಗೆ, ಮುಂಭಾಗದಲ್ಲಿದೆ. ಪಿಕಪ್ಪಿನ ಕೊಳವೆ ನೇರವಾಗಿ ಬ್ಲಾಕಿಗೆ ತಿರುಪಿನಂತೆ ಕೂರುತ್ತದೆ. ಸಾಮಾನ್ಯ ಇಂಜಿನ್ನಿನಲ್ಲಿ ಆ ತಿರುಪು ಮೂರೆಂಟಾಂಶ ಇಂಚಿನ ಪೈಪ್ ಅಳತೆಯದು, 426 ಹೆಮಿಯಲ್ಲಿ ಅರ್ಧ ಇಂಚಿನದು. ಹೆಮಿ ಮಾದರಿಯ ದೊಡ್ಡ ಪ್ಯಾನ್ ಕೊಂಡವರು ಅದರ ಪಿಕಪ್ಪನ್ನೂ ಕೊಂಡು, ಬ್ಲಾಕಿನ ರಂಧ್ರವನ್ನು ಹಿಗ್ಗಿಸಿ ಹೊಸ ತಿರುಪು ಕೊರೆಸಬೇಕಾಗುತ್ತದೆ.

ಫೋರ್ಡಿನ ಎಫ್‌ಇ ಸರಣಿಯ 390 ಮತ್ತು 428ರಲ್ಲಿ ಮಸ್ಟಾಂಗಿಗೆ ಸಂಪ್ ಮುಂದಿದೆ. ಅಲ್ಲಿ ಅಪಾಯದ ದಿಕ್ಕು ತಿರುಗುಮುರುಗು: ವೇಗ ಹೆಚ್ಚಿಸಿದಾಗಲೇ ಎಣ್ಣೆ ಪಿಕಪ್ಪಿನಿಂದ ದೂರ ಸರಿಯುತ್ತದೆ. ಎಫ್‌ಇಯ ವಿಂಡೇಜ್ ಟ್ರೇ ಪ್ಯಾನಿಗೂ ಬ್ಲಾಕಿಗೂ ನಡುವೆ ಕೂರುವುದರಿಂದ ಅದಕ್ಕೆ ಎರಡು ಗ್ಯಾಸ್ಕೆಟ್ ಬೇಕು, ಪಿಕಪ್ಪಿನ ಲೆಕ್ಕದಲ್ಲಿ ಎರಡರ ದಪ್ಪವನ್ನೂ ಸೇರಿಸಬೇಕು. ಓಲ್ಡ್ಸ್‌ಮೊಬಿಲ್ 455 ಇಂಜಿನ್ನನ್ನು ಟೊರೊನಾಡೊದಿಂದ ತೆಗೆದು ಅದೇ ಕಂಪನಿಯ 442 ಕಾರಿಗೆ ಹಾಕುವವರೂ ಎಚ್ಚರ ವಹಿಸಬೇಕು. ಟೊರೊನಾಡೊ ಮುಂದಿನ ಚಕ್ರಗಳಿಂದ ಓಡುವ ಕಾರು, ಅದರ ಪ್ಯಾನನ್ನು ಚಕ್ರದ ಶಾಫ್ಟ್ ಹಾಯಲು ಬೇರೆ ಆಕಾರದಲ್ಲಿ ಮಾಡಿದ್ದಾರೆ.

ಮಿಷಿಗನ್ ಶೆವೆಲ್

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜೆನ್ 6 ಬ್ಲಾಕಿಗೂ ಶೆವೆಲ್ ಷಾಸಿಗೂ ಒಪ್ಪುವ, ಒಳಗೆ ಕದವಿರುವ ಪ್ಯಾನನ್ನು ಅದರದೇ ಪಿಕಪ್ಪಿನೊಂದಿಗೆ ತರಿಸಿದೆ. ಹಿಂಗಮಾನು ಎಲ್ಲಿಯೂ ಸಂದು ಬಿಡದೆ ಕೂತಿತು. ಕ್ಲೇ ಪರೀಕ್ಷೆಯಲ್ಲಿ ಅತಿ ಕಡಿಮೆ ಅಂತರ 2 ಮಿ.ಮೀ. ಬಂದಿದೆ, ಪಿಕಪ್ಪಿನ ಅಂತರ 8 ಮಿ.ಮೀ.

ಆದರೆ ಇಂಜಿನ್ನನ್ನು ತಾತ್ಕಾಲಿಕವಾಗಿ ಕಾರಿನೊಳಗೆ ಇಳಿಸಿ ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಸೆಂಟರ್ ಲಿಂಕಿಗೂ ಸಂಪಿಗೂ ನಡುವೆ ಬೆರಳ ಉಗುರು ತೂರುವಷ್ಟು ಮಾತ್ರ ಜಾಗವಿದೆ. ಬಲಗಡೆ ತಿರುಗಿಸಿದಾಗ ಬೇಕಾದಷ್ಟು ಅಂತರವಿದೆ. ಪ್ಯಾನ್ ಸರಿಯಾದದ್ದೇ ಆಗಿದ್ದರೆ ಎಡಕ್ಕೂ ಬಲಕ್ಕೂ ಇಷ್ಟು ವ್ಯತ್ಯಾಸ ಏಕೆ? ಪ್ಯಾನನ್ನು ಅಲ್ಲಿ ಸ್ವಲ್ಪ ಒಳಕ್ಕೆ ತಟ್ಟಬಹುದೇ?

ಉತ್ತರ — ಬ್ಲಾಕ್ ಮತ್ತು ಬೋರ್

ಹೊಸ ಪ್ಯಾನನ್ನು ಈಗಲೇ ತಟ್ಟಬೇಡಿ. ಎಡಬಲದ ವ್ಯತ್ಯಾಸ ಕಂಡರೆ ನಾನು ಮೊದಲು ಸಂಶಯಿಸುವುದು ಇಂಜಿನ್ ಮೌಂಟುಗಳನ್ನು. ಬಿಗ್ ಬ್ಲಾಕಿನ ತಿರುಚುಬಲ ಇಂಜಿನ್ನಿನ ಎಡಭಾಗವನ್ನು ಮೇಲಕ್ಕೆತ್ತಲು ನೋಡುತ್ತದೆ. ಹಳೆಯ ಮೌಂಟಿನ ರಬ್ಬರ್ ಆ ಎಳೆತಕ್ಕೆ ಲೋಹದಿಂದ ಬಿಟ್ಟುಕೊಳ್ಳುವುದು ಆ ಕಾಲದ ಶೆವರ್ಲೆಗಳಲ್ಲಿ ಪ್ರಸಿದ್ಧವಾದ ದೋಷ. ಬಿಟ್ಟುಕೊಂಡ ಅಥವಾ ಕುಸಿದ ಮೌಂಟಿನ ಮೇಲೆ ಇಂಜಿನ್ ಓರೆಯಾಗಿ, ತಗ್ಗಾಗಿ ನಿಲ್ಲುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. ಫ್ರೇಮಿನ ಮೇಲಿನ ಆಸರೆಗಳು ಸ್ಮಾಲ್ ಬ್ಲಾಕಿಗೂ ಬಿಗ್ ಬ್ಲಾಕಿಗೂ ಬೇರೆ ಬೇರೆ, ರಬ್ಬರ್ ಮೌಂಟುಗಳಲ್ಲಿಯೂ ಎತ್ತರದ್ದು ಮತ್ತು ಗಿಡ್ಡನೆಯದು ಎಂಬ ಭೇದವಿದೆ. ಇವುಗಳಲ್ಲಿ ಒಂದು ಅದಲು ಬದಲಾದರೂ ಪ್ಯಾನಿನ ಕೆಳಗಿನ ಜಾಗವೆಲ್ಲ ಹೋಗುತ್ತದೆ. ಎರಡೂ ಕಡೆಯ ಮೌಂಟುಗಳ ಎತ್ತರವನ್ನು ಅಳೆದು ಇಲ್ಲಿ ತಿಳಿಸಿ. ಐಡ್ಲರ್ ತೋಳಿನ ಸಡಿಲವನ್ನೂ ನೋಡಿ, ಸವೆದಿದ್ದರೆ ಲಿಂಕಿನ ಒಂದು ತುದಿ ತನ್ನ ಜಾಗ ಬಿಟ್ಟು ಅಲುಗುತ್ತದೆ.

ಮಿಷಿಗನ್ ಶೆವೆಲ್

ಎಡಗಡೆಯ ಮೌಂಟಿನ ರಬ್ಬರ್ ಅರ್ಧದಷ್ಟು ಸೀಳಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ, ಬಿಚ್ಚಿ ಬಾಗಿಸಿದಾಗ ಬಾಯಿ ತೆರೆಯಿತು. ಆಸರೆಗಳು ಬಿಗ್ ಬ್ಲಾಕಿನವೇ ಆಗಿದ್ದವು. ರಬ್ಬರ್ ಕಿತ್ತುಬಂದರೂ ಇಂಜಿನ್ ಮೇಲೇಳದಂತೆ ಲೋಹದ ಕೊಂಡಿಯಿರುವ ಮೌಂಟುಗಳನ್ನು ಎರಡೂ ಕಡೆ ಹಾಕಿದ ಮೇಲೆ, ಪೂರ್ತಿ ಎಡಕ್ಕೆ ತಿರುಗಿಸಿದಾಗಲೂ 11 ಮಿ.ಮೀ. ಅಂತರ ಸಿಗುತ್ತಿದೆ. ಈಗ ಇಂಜಿನ್ನನ್ನು ಮತ್ತೆ ಹೊರತೆಗೆದು ಪ್ಯಾನನ್ನು ಅಂತಿಮವಾಗಿ ಬಿಗಿಯುವುದೊಂದೇ ಬಾಕಿ. ಗ್ಯಾಸ್ಕೆಟ್ ಒಂದೇ ತುಂಡಿನ ರಬ್ಬರಿನದು. ಅದರ ಮೇಲೂ ಸಿಲಿಕೋನ್ ಬೇಕೇ?

ಉತ್ತರ — ಕ್ಲಿಯರೆನ್ಸ್

ನಾಲ್ಕು ಮೂಲೆಗಳಲ್ಲಿ ಮಾತ್ರ. ಟೈಮಿಂಗ್ ಕವರೂ ಹಿಂದಿನ ಮೇನ್ ಕ್ಯಾಪೂ ಪ್ಯಾನ್ ರೈಲನ್ನು ಸೇರುವ ಕಡೆ ಕಡಲೆಕಾಳಿನಷ್ಟು ಹಚ್ಚಿ. ಉದ್ದಕ್ಕೂ ಬಳಿದರೆ ರಬ್ಬರ್ ಬಿಗಿಯುವಾಗ ಜಾರಿ ಹೊರಕ್ಕೆ ಬರುತ್ತದೆ. ಬ್ಲಾಕಿನ ರೈಲಿನಲ್ಲಿ ಎಣ್ಣೆಯ ಜಿಡ್ಡು ಉಳಿಯದಂತೆ ಒರೆಸಿ. ಪ್ಯಾನಿನ ಅಂಚನ್ನು ಸಮತಟ್ಟಾದ ಗ್ರಾನೈಟ್ ಅಥವಾ ದಪ್ಪ ಗಾಜಿನ ಮೇಲೆ ಬೋರಲು ಹಾಕಿ, ಫೀಲರ್ ಗೇಜ್ ಎಲ್ಲಿಯೂ ತೂರದಿರುವುದನ್ನು ನೋಡಿಕೊಳ್ಳಿ. ಬೋಲ್ಟುಗಳನ್ನೆಲ್ಲ ಕೈಯಿಂದ ತೊಡಿಸಿದ ಮೇಲೆ ನಡುವಿನಿಂದ ಎರಡೂ ತುದಿಗಳ ಕಡೆಗೆ, ಎಡಬಲ ಅದಲು ಬದಲಾಗಿ, ಎರಡು ಮೂರು ಹಂತಗಳಲ್ಲಿ ಬಿಗಿಯಿರಿ. ಗ್ಯಾಸ್ಕೆಟ್ ತಯಾರಕರು ಹೇಳಿದ ಟಾರ್ಕ್ ಅನ್ನು ಮೀರಬೇಡಿ. ಒಮ್ಮೆ ಇಂಜಿನ್ ಬಿಸಿಯಾಗಿ ತಣಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ.

ಹೊಸ ಪ್ಯಾನಿನೊಂದಿಗೆ ಹಳೆಯ ಡಿಪ್‌ಸ್ಟಿಕ್‌ನ ಗುರುತನ್ನು ನಂಬಬೇಡಿ. ತಯಾರಕರು ತಿಳಿಸಿದ ಪ್ರಮಾಣದ ಎಣ್ಣೆಯನ್ನು ಅಳೆದು ಸುರಿದು, ಫಿಲ್ಟರ್ ತುಂಬುವವರೆಗೆ ಇಂಜಿನ್ನನ್ನು ಓಡಿಸಿ ನಿಲ್ಲಿಸಿ, ಕಾರು ಸಮತಟ್ಟಾದ ನೆಲದ ಮೇಲಿರುವಾಗ ಎಣ್ಣೆ ಕಡ್ಡಿಯ ಮೇಲೆ ಎಲ್ಲಿಗೆ ಬರುತ್ತದೆಯೋ ಅಲ್ಲಿ ಅರದಿಂದ ಹೊಸ ಗೆರೆ ಹಾಕಿ.